ಪಾಷಾಣವೇ ಮದ್ದಾದ ಕಥೆ

ವಸಡಿನಲ್ಲಿ ರಕ್ತ ಜಿನುಗುತ್ತದೆ. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿಗಟ್ಟಿದ ಕಲೆಗಳು ಮೂಡುತ್ತವೆ. ಮೂಗಿನಿಂದ ಸೋರುವ ರಕ್ತ ನಿಲ್ಲುವುದೇ ಇಲ್ಲ. ‘ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ’ ಎಂಬ ರಕ್ತ ಕ್ಯಾನ್ಸರ್ ಕಾಣಿಸಿಕೊಳ್ಳುವ ಬಗೆ ಇದು. 1957ರಲ್ಲಿ ನಾರ್ವೆಯ ವೈದ್ಯ ಹಿಲ್ಲೆಸ್ಟಾಡ್ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದಾಗ ರೋಗಿಗೆ ಉಳಿದಿರುತ್ತಿದ್ದುದು ಕೆಲವೇ ವಾರಗಳು. ಇಂದು ಇದು ಪೂರ್ಣವಾಗಿ ಗುಣಪಡಿಸಬಹುದಾದ ಕ್ಯಾನ್ಸರುಗಳ ಸಾಲಿನಲ್ಲಿ ನಿಂತಿದೆ. ಈ ತಿರುವಿನ ಗುಟ್ಟು ಇರುವುದು ಜೀವಕೋಶದ ಕೇಂದ್ರದೊಳಗೆ, ಪ್ರೋಟೀನುಗಳ ಪರಸ್ಪರ ನಂಟಿನಲ್ಲಿ.

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಎಳೆಯ ರಕ್ತಕಣ ಹಂತ ಹಂತವಾಗಿ ಬಲಿತು ಬಿಳಿರಕ್ತಕಣವಾಗಬೇಕು. ಅದಕ್ಕೆ ಬೇಕಾದ ಜೀನ್‌ಗಳನ್ನು ಚಾಲನೆಗೊಳಿಸುವ ಕೆಲಸದಲ್ಲಿ ‘ರಾರಾ’ ಎಂಬ ಪ್ರೋಟೀನಿಗೂ ಪಾತ್ರವಿದೆ. ‘ಎ’ ಜೀವಸತ್ವದಿಂದ ಹುಟ್ಟುವ ರೆಟಿನಾಯಿಕ್ ಆಮ್ಲ ಅದಕ್ಕೆ ಅಂಟಿಕೊಂಡಾಗ ಜೀನ್‌ಗಳು ಎಚ್ಚರಗೊಳ್ಳುತ್ತವೆ. ‘ಪಿಎಂಎಲ್’ ಎಂಬ ಇನ್ನೊಂದು ಪ್ರೋಟೀನು ಕೋಶಕೇಂದ್ರದಲ್ಲಿ ಚುಕ್ಕೆಗಳಂತೆ ಗುಂಪುಗೂಡಿ, ಕೆಟ್ಟ ಕೋಶಗಳನ್ನು ಸಾವಿಗೆ ಒಪ್ಪಿಸುವ ಕಾರ್ಯದಲ್ಲಿ ನೆರವಾಗುತ್ತದೆ.

15 ಮತ್ತು 17ನೇ ವರ್ಣತಂತುಗಳು ತುಂಡಾಗಿ ಅದಲುಬದಲಾದಾಗ ಈ ಎರಡೂ ಪ್ರೋಟೀನುಗಳು ಬೆಸೆದು ಒಂದು ವಿಕೃತ ಪ್ರೋಟೀನು ಹುಟ್ಟುತ್ತದೆ. ಅದು ಜೀನ್‌ಗಳ ಮೇಲೆ ಕುಳಿತು, ಅವುಗಳ ಬಾಯಿಮುಚ್ಚಿಸುವ ಇತರ ಪ್ರೋಟೀನುಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ದೇಹದಲ್ಲಿ ಸಹಜವಾಗಿರುವಷ್ಟು ರೆಟಿನಾಯಿಕ್ ಆಮ್ಲಕ್ಕೆ ಆ ಹಿಡಿತ ಸಡಿಲವಾಗದು. ಪಿಎಂಎಲ್ ಚುಕ್ಕೆಗಳೂ ಚೂರಾಗಿ ಚದುರುತ್ತವೆ. ರಕ್ತಕಣ ಬಲಿಯದು, ಸಾಯದು. ಬರೀ ಹೆಚ್ಚುತ್ತಾ ಹೋಗುತ್ತದೆ.

ಈ ಒಳಗುಟ್ಟು ಬಯಲಾಗುವ ಮೊದಲೇ ಮದ್ದು ಸಿಕ್ಕಿತ್ತು ಎಂಬುದು ವಿಜ್ಞಾನದ ವಿಸ್ಮಯ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ 1985ರಲ್ಲಿ ಐದು ವರ್ಷದ ಬಾಲಕಿಯೊಬ್ಬಳಿಗೆ ರೆಟಿನಾಯಿಕ್ ಆಮ್ಲ ಕೊಟ್ಟು ಬದುಕಿಸಿದರು. 1988ರಲ್ಲಿ ಅವರ ತಂಡ ವರದಿ ಮಾಡಿದ 24 ರೋಗಿಗಳಲ್ಲಿಯೂ ರೋಗ ಹಿಮ್ಮೆಟ್ಟಿತ್ತು. ಅದಕ್ಕೂ ಮೊದಲು, 1970ರ ದಶಕದಲ್ಲಿ, ಹಾರ್ಬಿನ್‌ನ ಝಾಂಗ್ ಟಿಂಗ್‌ಡಾಂಗ್ ಚೀನೀ ನಾಟಿವೈದ್ಯದ ಪಾಷಾಣವನ್ನು, ಅಂದರೆ ಆರ್ಸೆನಿಕ್ಕನ್ನು, ಇದೇ ರೋಗಕ್ಕೆ ಬಳಸಿದ್ದರು. ಎರಡೂ ಮದ್ದುಗಳು ಏಕೆ ಫಲಿಸಿದವು ಎಂಬುದು ತಿಳಿದದ್ದು ಬಳಿಕ. ಹೆಚ್ಚಿನ ಪ್ರಮಾಣದ ರೆಟಿನಾಯಿಕ್ ಆಮ್ಲ ವಿಕೃತ ಪ್ರೋಟೀನಿನ ‘ರಾರಾ’ ಭಾಗಕ್ಕೆ ಅಂಟಿ ಹಿಡಿತ ಬಿಡಿಸಿದರೆ, ಆರ್ಸೆನಿಕ್ ‘ಪಿಎಂಎಲ್’ ಭಾಗಕ್ಕೇ ಅಂಟಿ ಅದರ ನಾಶಕ್ಕೆ ದಾರಿಮಾಡುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆದ ಹಾಗೆ.

2013ರಲ್ಲಿ ಪ್ರಕಟವಾದ ಇಟಲಿ ಮತ್ತು ಜರ್ಮನಿಯ ಅಧ್ಯಯನವೊಂದರಲ್ಲಿ, ತೀವ್ರತೆ ಕಡಿಮೆಯಿದ್ದ ರೋಗಿಗಳಿಗೆ ಈ ಜೋಡಿಮದ್ದನ್ನಷ್ಟೇ ಕೊಡಲಾಯಿತು. ಎರಡು ವರ್ಷಗಳ ಬಳಿಕ ಶೇ 97ರಷ್ಟು ಮಂದಿ ರೋಗ ಮರುಕಳಿಸದೆ ಬದುಕಿದ್ದರು. ಸಾಂಪ್ರದಾಯಿಕ ಕಿಮೋಥೆರಪಿಯ ನೆರವೇ ಬೇಕಾಗಲಿಲ್ಲ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು, ದುಬಾರಿ ಚಿಕಿತ್ಸೆ ಭರಿಸಲಾಗದವರಿಗಾಗಿ ಆರ್ಸೆನಿಕ್ ಒಂದನ್ನೇ ಆಧರಿಸಿದ ವಿಧಾನವನ್ನು ರೂಪಿಸಿ, 2006ರಲ್ಲಿ 72 ರೋಗಿಗಳ ಫಲಿತಾಂಶ ಪ್ರಕಟಿಸಿತು; ಅವರಲ್ಲಿ ಶೇ 86ರಷ್ಟು ಮಂದಿಯ ರೋಗ ಶಮನವಾಗಿತ್ತು.

ಪ್ರೋಟೀನುಗಳ ನಂಟನ್ನು ಮುರಿಯುವ ಈ ತಂತ್ರ ಈಗ ಬೇರೆ ಲ್ಯುಕೇಮಿಯಾಗಳಿಗೂ ವಿಸ್ತರಿಸುತ್ತಿದೆ. ‘ಮೆನಿನ್’ ಎಂಬ ಪ್ರೋಟೀನಿನ ಕೂಟವನ್ನು ತಡೆಯುವ ರೆವ್ಯುಮೆನಿಬ್ ಎಂಬ ಗುಳಿಗೆಗೆ ಅಮೆರಿಕ 2024ರ ನವೆಂಬರ್‌ನಲ್ಲಿ ಅನುಮತಿ ನೀಡಿತು.

ಆದರೆ ಎಂತಹ ಮದ್ದೂ ಸಮಯಕ್ಕೆ ಸಿಕ್ಕರಷ್ಟೇ ಮದ್ದು. ಈ ರೋಗಿಗಳನ್ನು ಇಂದಿಗೂ ಕೊಲ್ಲುವುದು ಹೆಚ್ಚಾಗಿ ಮೊದಲ ದಿನಗಳ ರಕ್ತಸ್ರಾವ. ಅದಕ್ಕೆಂದೇ ಸೂಕ್ಷ್ಮದರ್ಶಕದಡಿ ರಕ್ತಲೇಪ ನೋಡಿ ಅನುಮಾನ ಬಂದೊಡನೆ, ಜೀನ್ ಪರೀಕ್ಷೆಯ ವರದಿಗೆ ಕಾಯದೆ, ರೆಟಿನಾಯಿಕ್ ಆಮ್ಲ ಆರಂಭಿಸಬೇಕೆಂದು ತಜ್ಞರು ಹೇಳುತ್ತಾರೆ. ಅಂದರೆ ಬೇಕಾದದ್ದು ಮಹಾನಗರದ ಪ್ರಯೋಗಾಲಯವಷ್ಟೇ ಅಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತಲೇಪವನ್ನು ಓದಬಲ್ಲ ಕಣ್ಣು, ಕಪಾಟಿನಲ್ಲಿ ಸಿದ್ಧವಿರುವ ಗುಳಿಗೆ. ಅರ್ಧ ಶತಮಾನದ ಸಂಶೋಧನೆ ದಕ್ಕಿಸಿಕೊಟ್ಟ ಜೀವ ದೊಡ್ಡಾಸ್ಪತ್ರೆಗೆ ಸಾಗುವ ದಾರಿಯಲ್ಲಿ ಕಳೆದುಹೋಗಬಾರದು.