‘ಅವಿಚಲಿತ’ ಪದದೊಳಗಿನ ‘ಚಲೋ’

‘ಅವಿಚಲಿತ’ ಎಂಬ ಪದವನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಏನೇ ಬಂದರೂ ಕದಲದ, ಕಲಕದ ಮನಸ್ಸು ಎಂದು ಅರ್ಥ. ನೋಡಲು ಭಾರಿ ಪದ. ಆದರೆ ಬಿಡಿಸಿದರೆ ಒಳಗಿರುವುದು ‘ಚಲ್’ ಎಂಬ ಸಂಸ್ಕೃತ ಧಾತು. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ‘ಚಲೋ’ ಹುಟ್ಟಿದ್ದೂ ಅದರಿಂದಲೇ. (ಧಾರವಾಡದ ಕಡೆ ‘ಚಲೋ’ ಅಂದರೆ ಚೆನ್ನಾಗಿದೆ ಎಂದು; ಅದು ಬೇರೆ.) ನಮ್ಮ ವಾಣಿಜ್ಯ ವಿಭಾಗದ ‘ಚಾಲ್ತಿ ಖಾತೆ’ಯೂ ಇದೇ ಕುಟುಂಬದ್ದು. ವಿಚಲಿತ ಎಂದರೆ ಇದ್ದ ಜಾಗದಿಂದ ಸರಿದದ್ದು. ಮುಂದೆ ‘ಅ’ ಸೇರಿದರೆ ಸರಿಯದೆ ಉಳಿದದ್ದು.

ಉರ್ದುವಿನಲ್ಲಿ ಇದಕ್ಕೆ ಹತ್ತಿರದ ಮಾತು ‘ಸಾಬಿತ್ ಕದಮ್’. ಕದಮ್ ಎಂದರೆ ಹೆಜ್ಜೆ. ಇಟ್ಟ ಹೆಜ್ಜೆ ಕದಲದವರು ಎಂದರ್ಥ. ಆ ‘ಸಾಬಿತ್’ ಅರಬ್ಬಿ ಪದ. ಅದೇ ಕನ್ನಡಕ್ಕೆ ‘ಸಾಬೀತು’ ಆಗಿ ಬಂದು ಕೋರ್ಟಿನ ಸುದ್ದಿಗಳಲ್ಲಿ ಕೂತಿದೆ. ಹಾಗಾಗಿ ಇವೆರಡರಲ್ಲಿ ಯಾವುದನ್ನೂ ಬಾಯಿಪಾಠ ಮಾಡುವ ಕಷ್ಟ ನಮಗಿಲ್ಲ.

ಬಳಕೆಯಲ್ಲಿ ಮಾತ್ರ ಎಚ್ಚರ ಬೇಕು. ‘ಅಚಲ’ ಎಂದರೆ ಅಲುಗದ್ದು, ಬೆಟ್ಟಕ್ಕೂ ಅದೇ ಹೆಸರು. ಹಿಮಾಚಲ ಬಂದದ್ದು ಹಾಗೆ. ಆದರೆ ‘ಅವಿಚಲಿತ’ ಎನ್ನಲು ಅಲುಗಾಡಿಸುವ ಕಾರಣವೊಂದು ಇರಬೇಕು. ಬೇಸಿಗೆಯಲ್ಲಿ ಹೂಮಳೆ ಕೈಕೊಟ್ಟರೆ ಕಾಫಿ ಮೊಗ್ಗು ಸರಿಯಾಗಿ ಅರಳುವುದಿಲ್ಲ, ವರ್ಷದ ಫಸಲಿಗೇ ಪೆಟ್ಟು. ಆಗಲೂ ಗಾಬರಿಯಾಗದೆ ಪಂಪು, ಸ್ಪ್ರಿಂಕ್ಲರ್ ಸರಿಮಾಡಿಕೊಳ್ಳುವವರು ಅವಿಚಲಿತರು. ‘ನನಗೇನು’ ಎಂದು ಮಲಗಿದವರದ್ದು ನಿರ್ಲಕ್ಷ್ಯ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಇನ್ನೊಂದು ಮಾತು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಹೋದವು. ‘ಅಚಲ’ ಎನಿಸಿಕೊಂಡದ್ದೇ ಚಲಿಸಿತು. ಅಂಥ ಹೊತ್ತಿನಲ್ಲಿ ಎಲ್ಲ ಕಳೆದುಕೊಂಡವರ ಎದುರು ನಿಂತು ‘ವಿಚಲಿತರಾಗಬೇಡಿ’ ಎನ್ನುವುದು ನನಗೆ ಹಿಡಿಸುವುದಿಲ್ಲ. ಈ ಪದವನ್ನು ಒಬ್ಬರ ಬಗ್ಗೆ ಹೇಳಬಹುದು, ಕಷ್ಟದಲ್ಲಿರುವವರಿಗೆ ಅಪ್ಪಣೆಯ ಹಾಗೆ ಹೇಳಬಾರದು. ನಮ್ಮ ದಾದಿ ಸಾವಿನ ಮನೆಗೆ ಹೋದರೆ ‘ಸಬರ್ ಕರೋ’ ಎಂದು ಶುರು ಮಾಡುವುದಿಲ್ಲ. ಮೊದಲು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಡುತ್ತಾರೆ.

ಪರೀಕ್ಷೆಗೆ ಬರೆಯುವವರು ಗಮನಿಸಿ: ‘ಚ’ ಅಲ್ಪಪ್ರಾಣ. ‘ಛಲ’ ಬೇರೆಯೇ ಪದ, ಅದರ ಅರ್ಥ ಹಟ.