ನಿಯತರೂಪವಿಲ್ಲದ ಪ್ರೋಟೀನುಗಳು

ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ‘ಸಪಿಂಡ’ ಶಬ್ದದಲ್ಲಿಯ ಪಿಂಡವೆಂದರೆ ದೇಹವೆಂದು ನಿರ್ಣಯಿಸಿದನು. ಜೀಮೂತವಾಹನನ ದಾಯಭಾಗದಲ್ಲಿ ಅದಕ್ಕೆ ಶ್ರಾದ್ಧದ ಅನ್ನವೇ ಅರ್ಥ. ಶಬ್ದವೊಂದೇ, ಸೇರಿದ ಶಾಸ್ತ್ರಕ್ಕೆ ತಕ್ಕಂತೆ ಅರ್ಥ ಬೇರೆ. ದೇಹದೊಳಗಣ ಪ್ರೋಟೀನುಗಳಲ್ಲಿಯೂ ಇಂಥವುಂಟು.

ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರ. ಅದು ಮಡಿಚಿಕೊಂಡು ನಿಯತಾಕಾರವನ್ನು ತಾಳಿದ ಹೊರತು ಕಾರ್ಯವಿಲ್ಲವೆಂಬ ಮತವು ಬಹುಕಾಲ ಪ್ರಬಲವಾಗಿದ್ದು, 1990ರ ದಶಕದ ಕೊನೆಯಿಂದೀಚೆಗೆ ಸಡಿಲಿತು. ಅರ್ಬುದವನ್ನು ತಡೆಯತಕ್ಕ ಪಿ53 ಎಂಬ ಪ್ರೋಟೀನು 393 ಆಮ್ಲಗಳದು. ಅದರ ತುದಿಯ ತುಣುಕೊಂದು ಒಂಟಿಯಾಗಿದ್ದಾಗ ಸಡಿಲ ದಾರದಂತಿದ್ದು, ಒಂದು ಸಂಗಾತಿಯೊಡನೆ ಸುರುಳಿಯಾಗಿಯೂ ಮತ್ತೊಂದರೊಡನೆ ನೀಳಪಟ್ಟಿಯಾಗಿಯೂ ಪರಿಣಮಿಸುವುದು. ಇದನ್ನು ಅವ್ಯವಸ್ಥೆಯೆನ್ನುವುದು ನಮಗೆ ಸಮ್ಮತವಲ್ಲ, ‘ಅನಿಯತ’ವೆಂದರೆ ಸಾಕು.

ಹುಮನಾಬಾದಿನ ಒಕ್ಕಲಿಗನು ತೊಗರಿಬೀಜವನ್ನು ಒಣಗಿಸಿ ಮುಂದಿನ ಮಳೆಗಾಲದವರೆಗೆ ಕಾದಿಡುವನು. ಬೀಜವು ಒಣಗುವಾಗ ಅದರಲ್ಲಿ ಎಲ್‌.ಇ.ಎ. ವರ್ಗದ ಪ್ರೋಟೀನುಗಳು ಕೂಡುವುವು. ಇವು 1981ರಲ್ಲಿ ಹತ್ತಿಬೀಜದಲ್ಲಿ ಮೊದಲು ಗೋಚರಿಸಿದುವು. ನೀರಿನಲ್ಲಿ ಬಹುಮಟ್ಟಿಗೆ ಅನಿಯತವಾದ ಇವುಗಳಲ್ಲಿ ಅನೇಕವು ಒಣಗಿದಂತೆ ಸುರುಳಿಗೊಂಡು, ನೆರೆಯ ಪ್ರೋಟೀನುಗಳು ಗಂಟುಗಟ್ಟದಂತೆ ಕಾಯುವುವು. ಹಾಲಿನ ಕೇಸೀನೂ ಈ ಜಾತಿಯದೇ. ಮೊಟ್ಟೆಯು ಬೆಂದರೆ ಗಟ್ಟಿಯಾಗುವುದು, ಹಸನಾದ ಹಾಲು ಕುದಿದರೂ ಒಡೆಯದು. ಕೆಡುವುದಕ್ಕೆ ಕೇಸೀನಿನಲ್ಲಿ ಮಡಿಪೇ ಇಲ್ಲವಷ್ಟೆ.

ಈ ಸಡಿಲತೆಯಲ್ಲಿ ಅಪಾಯವೂ ಉಂಟು. 140 ಆಮ್ಲಗಳ ಆಲ್ಫಾ-ಸೈನೂಕ್ಲಿಯಿನ್ ಗಂಟಾಗಿ ಕೂಡಿ, ಪಾರ್ಕಿನ್ಸನ್ ರೋಗಿಗಳ ಮಿದುಳಿನ ನರಕೋಶಗಳಲ್ಲಿ ಲೂಯಿಕಾಯಗಳಾಗುವುದು (ಇಲ್ಲಿಯೂ ಒಂದು ಪಿಂಡವೇ!). ನಿಯತಾಕಾರವಿಲ್ಲದುದರಲ್ಲಿ ಔಷಧವು ನೆಲೆಗೊಳ್ಳಲು ಸ್ಥಿರವಾದ ಕುಳಿಯು ದೊರೆಯದಿರುವುದರಿಂದ ವೈದ್ಯಶಾಸ್ತ್ರಜ್ಞರು ಇನ್ನೂ ತೊಳಲುತ್ತಿರುವರು.