ಬೇಕಾಗಿದ್ದಾರೆ: ಜಪಾನೀ ಭಾಷೆಗೊಬ್ಬ ಮೇಷ್ಟ್ರು

ಗಣಿತಕ್ಕೆ ಮನೆಪಾಠದ ಮೇಷ್ಟ್ರು ಬೇಕೆಂದರೆ ಬೀದಿಗೆ ಇಬ್ಬರು ಸಿಕ್ಕುತ್ತಾರೆ. ವೀಣೆಗೆ, ಸಂಸ್ಕೃತಕ್ಕೆ ಸಹ ವಿಚಾರಿಸಿ ನೋಡಿದರೆ ಯಾರಾದರೊಬ್ಬರು ದೊರೆಯದೆ ಹೋಗರು. ಆದರೆ ಜಪಾನೀ ಭಾಷೆಯ ಅತ್ಯುಚ್ಚ ಪರೀಕ್ಷೆಗೆ ಪಾಠ ಹೇಳುವವರನ್ನು ಹುಡುಕಿಕೊಂಡು ಹೊರಟವರ ಪಾಡೇನು? ನನ್ನ ತಂಗಿಯ ಮಗಳೊಡನೆ ಐದು ತಿಂಗಳ ಕಾಲ ಬೆಂಗಳೂರನ್ನು ಸುತ್ತಿ ಬಂದಿರುವ ನನಗೆ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ಪ್ರಾಪ್ತವಾಗಿದೆಯೆಂದು ಭಾವಿಸುತ್ತೇನೆ.

ಈ ಪರೀಕ್ಷೆಗೆ ಅವರ ಭಾಷೆಯಲ್ಲಿ 'ನಿಹೊಂಗೊ ನೋರ್ಯೊಕು ಶಿಕೆನ್' ಎಂದು ಹೆಸರು. ೧೯೮೪ರಲ್ಲಿ ಆರಂಭವಾದಾಗ ಇದಕ್ಕೆ ನಾಲ್ಕು ಮೆಟ್ಟಿಲುಗಳಿದ್ದವು, ೨೦೧೦ರಿಂದ ಐದಾಗಿವೆ. ಎನ್-೫ ಎಂಬುದು ಹೊಸಿಲು, ಎನ್-೧ ಎಂಬುದು ಶಿಖರ. ಜುಲೈ ಮತ್ತು ಡಿಸೆಂಬರ್ ತಿಂಗಳುಗಳ ಮೊದಲ ಭಾನುವಾರ ಪರೀಕ್ಷೆ ನಡೆಯುತ್ತದೆ. ಬೆಂಗಳೂರಿನಲ್ಲಿಯೂ ಕೇಂದ್ರವುಂಟು. ಬಾಯಿಬಿಟ್ಟು ಮಾತನಾಡಬೇಕಾಗಿಲ್ಲ, ಪ್ರಬಂಧ ಬರೆಯಬೇಕಾಗಿಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಿ ಪೆನ್ಸಿಲಿನಿಂದ ಗುರುತು ಮಾಡಿದರಾಯಿತು. ಇಷ್ಟೇ ತಾನೆ ಎಂದು ನಗಬೇಡಿ. ಜಪಾನೀಯರು ನಿತ್ಯದ ಬಳಕೆಗೆಂದು ಗೊತ್ತುಮಾಡಿಕೊಂಡಿರುವ ಚಿತ್ರಲಿಪಿಯ ಅಕ್ಷರಗಳೇ ೨,೧೩೬. ಒಂದೊಂದಕ್ಕೆ ಎರಡು ಮೂರು ಉಚ್ಚಾರಣೆ. ಜೀವವೆಂಬ ಅರ್ಥದ ಒಂದು ಅಕ್ಷರವನ್ನು ಸಂದರ್ಭಾನುಸಾರ 'ಸೇ' ಎಂದೂ 'ಶೋ' ಎಂದೂ 'ನಮ' ಎಂದೂ 'ಕಿ' ಎಂದೂ ಓದಬೇಕು, ಇನ್ನೂ ಕೆಲವು ರೂಪಗಳು ಉಳಿದೇ ಇರುತ್ತವೆ.

ಇದರಲ್ಲಿ ತೇರ್ಗಡೆಯಾದವರಿಗೆ ಜಪಾನಿನಲ್ಲಿ ಬಾಗಿಲುಗಳು ತೆರೆಯುತ್ತವೆ. ಹೊರದೇಶದ ವೈದ್ಯರು ಅಲ್ಲಿಯ ವೈದ್ಯಕೀಯ ಪರವಾನಗಿಯ ಪರೀಕ್ಷೆಗೆ ಕೂರಬೇಕಾದರೆ ಎನ್-೧ ಆಗಿರಬೇಕು. ಉನ್ನತ ಕುಶಲತೆಯ ನೌಕರರಿಗೆ ಕೊಡುವ ವೀಸಾಕ್ಕೆ ಎಪ್ಪತ್ತು ಅಂಕಗಳನ್ನು ಕೂಡಿಸಬೇಕಾಗಿದ್ದು, ಅದರಲ್ಲಿ ಹದಿನೈದು ಈ ಒಂದೇ ಪರೀಕ್ಷೆಯಿಂದ ದೊರೆಯುತ್ತವೆ. ನಮ್ಮ ಹುಡುಗಿಯ ಆಸೆ ಅಷ್ಟು ದೊಡ್ಡದಲ್ಲ. ಜಪಾನೀ ಸಂಬಂಧವುಳ್ಳ ಒಂದು ಕಾರ್ಖಾನೆಯಲ್ಲಿ ಕಾಗದಪತ್ರಗಳನ್ನು ಭಾಷಾಂತರಿಸುವ ಕೆಲಸ ಅವಳದು. ಸಭೆಯಲ್ಲಿ ಕುಳಿತು ದುಭಾಷಿಯಾಗಬೇಕಾದರೆ ಎನ್-೧ ತರಬೇಕೆಂದು ಅಲ್ಲಿಯ ನಿಯಮ.

ಮೊದಲ ಸಲ ೯೧ ಅಂಕ ಬಂದು ಹೋಯಿತು. ಎರಡನೆಯ ಸಲ ೧೦೪. ತೇರ್ಗಡೆಗೆ ೧೮೦ಕ್ಕೆ ೧೦೦ ಸಾಕು. ಮನೆಯಲ್ಲಿ ಪಾಯಸ ಮಾಡಿದ ಮೇಲೆ ಫಲಿತಾಂಶದ ಪತ್ರವನ್ನು ಕೆಳಗಿನವರೆಗೆ ಓದಿದೆವು: 'ಅನುತ್ತೀರ್ಣ'. ಭಾಷಾಜ್ಞಾನ, ಓದು, ಆಲಿಸುವಿಕೆ ಎಂದು ಅರವತ್ತರ ಮೂರು ಭಾಗಗಳಿದ್ದು, ಪ್ರತಿಯೊಂದರಲ್ಲಿಯೂ ಕನಿಷ್ಠ ಹತ್ತೊಂಬತ್ತು ಬರಲೇಬೇಕು. ಆಲಿಸುವಿಕೆಯಲ್ಲಿ ಅವಳಿಗೆ ಬಂದದ್ದು ಹದಿನೇಳು. ಗೆದ್ದ ಭಾಗಗಳನ್ನು ಮುಂದಿನ ಸಲಕ್ಕೆ ಕಾದಿರಿಸುವ ಪದ್ಧತಿಯೂ ಇಲ್ಲ, ಮೂರನ್ನೂ ಮತ್ತೆ ಬರೆಯಬೇಕು. "ಇನ್ನು ಸಾಕು ಬಿಡು, ಮದುವೆಯ ಮಾತಾದರೂ ಆಡೋಣ" ಎಂದಳು ನನ್ನ ತಂಗಿ. "ಇನ್ನೊಂದೇ ಸಲ ದೊಡ್ಡಮ್ಮ, ಆದರೆ ಒಬ್ಬಳೇ ಓದಿ ಪ್ರಯೋಜನವಿಲ್ಲ" ಎಂದು ಹುಡುಗಿ ನನ್ನ ಹತ್ತಿರ ಬಂದಳು.

ಮೊದಲು ಹೋದದ್ದು ಒಂದು ತರಬೇತಿ ಶಾಲೆಗೆ. ಅಲ್ಲಿಯ ಮಹನೀಯರು ದಪ್ಪನೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, "ಎನ್-೧ರ ಹತ್ತು ಸಾವಿರ ಪದಗಳ ಅಧಿಕೃತ ಪಟ್ಟಿ, ಬಾಯಿಪಾಠ ಮಾಡಿಸುತ್ತೇವೆ" ಎಂದರು. ೨೦೧೦ರ ಸುಧಾರಣೆಯ ಮೇಲೆ ಪರೀಕ್ಷೆಯವರು ಅಂಥ ಪಟ್ಟಿಯನ್ನೇ ಪ್ರಕಟಿಸಿಲ್ಲ. ಅವರು ಹೊರತಂದಿರುವ ಮಾದರಿ ಪ್ರಶ್ನೆಗಳ ಪುಸ್ತಕಗಳು, ೨೦೧೨ರದೊಂದು, ೨೦೧೮ರದೊಂದು, ಅವರ ಜಾಲತಾಣದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಅವುಗಳ ಹೆಸರೆತ್ತಿದಾಗ ಆ ಮಹನೀಯರು ಶುಲ್ಕದ ರಸೀತಿಯತ್ತ ಮಾತು ತಿರುಗಿಸಿದರು. ನಾವು ಎದ್ದು ಬಂದೆವು.

ಬಳಿಕ ಸಿಕ್ಕವರು ಟೋಕಿಯೋದಿಂದ ಬಂದು ಇಲ್ಲಿ ನೆಲೆಸಿದ್ದ ಒಬ್ಬ ಗೃಹಿಣಿ. ಸಾಕ್ಷಾತ್ ಜಪಾನೀಯರೇ ದೊರೆತರಲ್ಲ ಎಂದು ನಮಗೆ ಸಂತೋಷ. ಆಕೆಯ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ 'ಈ ವಾಕ್ಯ ಏಕೆ ತಪ್ಪು?' ಎಂದು ಕೇಳಿದಾಗಲೆಲ್ಲ "ನಾವು ಹಾಗೆ ಹೇಳುವುದಿಲ್ಲ" ಎಂಬುದೇ ಉತ್ತರ. ಇದರಲ್ಲಿ ಆಕೆಯ ತಪ್ಪೇನಿದೆ? 'ಬಂದೊಡನೆ' ಎಂಬುದಕ್ಕೂ 'ಬರುತ್ತಿದ್ದಂತೆಯೇ' ಎಂಬುದಕ್ಕೂ ಏನು ವ್ಯತ್ಯಾಸವೆಂದು ಪರದೇಶಿಯೊಬ್ಬ ಕೇಳಿದರೆ, ಓದುಗರೇ, ನಮ್ಮಲ್ಲಿ ಎಷ್ಟು ಜನ ಥಟ್ಟನೆ ಹೇಳಬಲ್ಲೆವು?

ಎನ್-೧ರ ತೊಡಕೆಲ್ಲ ಇಂಥಲ್ಲಿಯೇ ಇದೆ. 'ಕೂಡಲೇ' ಎಂಬ ಒಂದೇ ಅರ್ಥಕ್ಕೆ ಅಲ್ಲಿ 'ಗ ಹಯಾಯಿ ಕ', 'ಯ ಇನ ಯ', 'ನರಿ', 'ಸೊಬ ಕರ' ಎಂದು ನಾಲ್ಕು ರೂಪಗಳು ಎದುರಾಗುತ್ತವೆ. (ನರಿ ಎಂದೊಡನೆ ನನಗೆ ನಗು ಬಂತು, ಹುಡುಗಿ ನಗಲಿಲ್ಲ.) ಎರಡನೆಯದು ಬರವಣಿಗೆಗೆ ಸಲ್ಲುವಂಥದು. 'ನರಿ' ಬಂದರೆ ಎರಡು ಕೆಲಸಗಳನ್ನೂ ಒಬ್ಬರೇ ಮಾಡಿರಬೇಕು, ಎರಡನೆಯದು ಅನಿರೀಕ್ಷಿತವಾಗಿರಬೇಕು. 'ಸೊಬ ಕರ' ಎಂಬುದು ಮತ್ತೆ ಮತ್ತೆ ನಡೆಯುವ ಸಂಗತಿಗೆ: ಹೇಳಿಕೊಟ್ಟ ಹಾಗೆಲ್ಲ ಮರೆಯುತ್ತಾನೆ ಎನ್ನುತ್ತೇವಲ್ಲ, ಹಾಗೆ. ಅಂದಿನಿಂದ ಯಾವ ಗುರುವಿನ ಬಳಿಗೆ ಹೋದರೂ ಈ ನಾಲ್ಕರ ಭೇದವನ್ನು ವಿನಯದಿಂದಲೇ ಕೇಳುವುದೆಂದು ನಿಶ್ಚಯಿಸಿದೆವು.

ಜಪಾನಿನಲ್ಲಿಯೇ ಇದ್ದುಕೊಂಡು ಕಂಪ್ಯೂಟರಿನ ಮೂಲಕ ಪಾಠ ಹೇಳುವವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ ಒಂಬತ್ತಕ್ಕೆ ಕುಳಿತರೆ ಅವರಿಗೆ ಹನ್ನೆರಡೂವರೆ. ಬೆಳಗಿನ ಆರು ಗಂಟೆಗೆ ಏಳಬಲ್ಲವರಿಗೆ ಮಾತ್ರ ಈ ಏರ್ಪಾಡು ಒಗ್ಗುತ್ತದೆ.

ಕೊನೆಗೆ ಜಯನಗರದಲ್ಲಿ, ಭಾಷಾಂತರದ ವೃತ್ತಿಯಿಂದ ನಿವೃತ್ತರಾದ ಮಹಿಳೆಯೊಬ್ಬರು ದೊರೆತರು. ಮನೆಮಾತು ಕನ್ನಡ. ಕೂತ ತಕ್ಷಣ, ಅಂದರೆ ನಾವು ನಮ್ಮ ಪ್ರಶ್ನೆ ಕೇಳುವುದಕ್ಕೂ ಮೊದಲೇ, "ನಿನ್ನ ಅಂಕಪಟ್ಟಿ ತೋರಿಸಮ್ಮ" ಎಂದರು. ಉಳಿದವರು ಯಾರೂ ಅದನ್ನು ಕೇಳಿರಲಿಲ್ಲ. ಪಟ್ಟಿಯನ್ನು ಎರಡು ನಿಮಿಷ ನೋಡಿ, ಒಂದು ಪದ ಉಚ್ಚರಿಸಿದರು: "ಕನ್‌ಶೋ. ಅರ್ಥ ಹೇಳು."

"ಯಾವ ಅಕ್ಷರದಲ್ಲಿ ಬರೆಯುವುದು, ಮೇಡಂ?"

"ನೋಡಿದೆಯಾ, ನಿನಗೆ ಕಣ್ಣಿನ ಜಪಾನೀ ಬರುತ್ತದೆ, ಕಿವಿಯ ಜಪಾನೀ ಬರುವುದಿಲ್ಲ."

ಆ ಒಂದೇ ಉಚ್ಚಾರಣೆಗೆ ಪರರ ವಿಷಯದಲ್ಲಿ ತಲೆಹಾಕುವುದು, ಕಲಾಕೃತಿಯನ್ನು ಆಸ್ವಾದಿಸುವುದು, ಭಾವುಕತೆ ಎಂದು ಬೇರೆ ಬೇರೆ ಅರ್ಥಗಳಿವೆ. ಕಾಗದದ ಮೇಲಾದರೆ ಅಕ್ಷರಗಳೇ ಬೇರೆಯಾದ್ದರಿಂದ ಗೊಂದಲವಿಲ್ಲ. ಹಗಲೆಲ್ಲ ಕಾಗದ ಓದುವ ಹುಡುಗಿಗೆ ಕಿವಿಯ ಅಭ್ಯಾಸವೇ ತಪ್ಪಿಹೋಗಿತ್ತು. ಪರೀಕ್ಷೆಯಲ್ಲಿಯೋ ಧ್ವನಿಮುದ್ರಿಕೆಯನ್ನು ಕೇಳಿಸುವುದು ಒಂದೇ ಸಲ. ಒಂದು ಭಾಗದಲ್ಲಂತೂ ಆಡಿದ ಮಾತಿಗೆ ತಕ್ಕ ಮೂರು ಮರುಮಾತುಗಳು ಸಹ ಕಿವಿಗೇ ಬೀಳುತ್ತವೆ, ಕಾಗದದ ಮೇಲೆ ಏನೂ ಇರುವುದಿಲ್ಲ. ಪುಸ್ತಕದ 'ತಬೆತೆ ಶಿಮತ್ತ' ಜನರ ಬಾಯಲ್ಲಿ 'ತಬೆಚತ್ತ' ಆಗುತ್ತದೆ. "ನಾವು ತಿಂದುಬಿಟ್ಟ ಅನ್ನುವುದನ್ನು ತಿಂದ್ಬಿಟ್ಟ ಅನ್ನುವುದಿಲ್ಲವೇ, ಹಾಗೆಯೇ" ಎಂದರು ಆಕೆ. ಅರ್ಥವೂ ಅದೇ.

ಆ ಸಂಜೆ ನಾನು ಬೆರಗಾದದ್ದು ಇನ್ನೂ ಇದೆ. 'ಕಿನೋ ಕತ್ತ ಹೊನ್' ಎಂದರೆ 'ನಿನ್ನೆ ಕೊಂಡ ಪುಸ್ತಕ', ಪದಕ್ಕೆ ಪದ ಅದೇ ಸಾಲು. 'ತಬೆತೆ ಮಿರು' ಎಂದರೆ ತಿಂದು ನೋಡುವುದು; 'ಮಿರು' ಎಂಬುದು ನಿಜವಾಗಿಯೂ ನೋಡುವುದೇ. 'ಇತ್ತೆ ಒಕು' ಎಂದರೆ ಹೇಳಿ ಇಡುವುದು. ಇಂಗ್ಲಿಷಿನ ಮೂಲಕ ಕಲಿತವರು ಇವನ್ನು ತಲೆಕೆಳಗು ಮಾಡಿ ಬಿಡಿಸಿಕೊಳ್ಳಬೇಕು. ಹುಡುಗಿ ಇಷ್ಟು ವರ್ಷ ಮಾಡುತ್ತಿದ್ದುದು ಅದನ್ನೇ. ಎಲ್ಲ ಕಡೆಯೂ ಕನ್ನಡ ಕೈಹಿಡಿಯುವುದಿಲ್ಲವೆಂಬ ಎಚ್ಚರಿಕೆಯನ್ನೂ ಆಕೆ ಕೊಟ್ಟರು. ನಮ್ಮ 'ಕೊಡು' ಒಂದೇ. ಅವರಲ್ಲಿ ನಾನು ಕೊಟ್ಟರೆ ಒಂದು ಕ್ರಿಯಾಪದ, ನನಗೆ ಕೊಟ್ಟರೆ ಮತ್ತೊಂದು.

'ನರಿ'ಯ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ.

ಈಗ ವಾರಕ್ಕೆರಡು ಸಂಜೆ ಪಾಠ. ಉಳಿದ ದಿನಗಳಲ್ಲಿ ಧ್ವನಿಮುದ್ರಿಕೆಯ ಬೆನ್ನುಹತ್ತಿ, ಅದು ನುಡಿದ ಮರುಕ್ಷಣವೇ ತಾನೂ ನುಡಿಯುತ್ತ ಹೋಗುವ ಅಭ್ಯಾಸ. ಅಡಿಗೆಮನೆಯಲ್ಲಿ ನನ್ನ ತಂಗಿಯೂ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಡಿಸೆಂಬರಿನ ಭಾನುವಾರ ಇನ್ನೂ ದೂರವಿದೆ. ಮೊನ್ನೆ ಅವಳು ಯಾವುದೋ ಜಾತಕದ ಮಾತೆತ್ತಿದಾಗ ಹುಡುಗಿ ಪುಸ್ತಕದಿಂದ ತಲೆಯೆತ್ತದೆ, "ಅಮ್ಮ, ಇದು ಕನ್‌ಶೋ" ಎಂದಳು.

ಒಗ್ಗರಣೆಯ ಸೌಟು ಹಿಡಿದೇ ನನ್ನ ತಂಗಿ ಕೇಳಿದಳು: "ಯಾವ ಕನ್‌ಶೋನೇ?"